ಬ್ರೋಷರ್‌ನಲ್ಲಿ 11,000 ಪೌಂಡ್, ಬಾಗಿಲ ಸ್ಟಿಕರ್‌ನಲ್ಲಿ 1,500: ಟ್ರೇಲರ್ ಕೊಳ್ಳೋ ಮುಂಚೆ ಯಾವುದನ್ನು ನಂಬಬೇಕು?

ಈ ಸಂಚಿಕೆ ಮುಖ್ಯವಾಗಿ ಅಮೆರಿಕದಲ್ಲಿರೋ ನಮ್ಮ ಕೇಳುಗರಿಗೆ. ಬೇಸಿಗೆಗೆ ಊರಿಂದ ಅಪ್ಪ-ಅಮ್ಮ ಬರ್ತಾರೆ. ಮನೆ ಮುಂದೆ ಪಿಕಪ್ ಟ್ರಕ್ ಇದೆ. ಅದರ ಹಿಂದೆ ಒಂದು ಟ್ರಾವೆಲ್ ಟ್ರೇಲರ್ ಸಿಕ್ಕಿಸಿಕೊಂಡು ಯೆಲ್ಲೋಸ್ಟೋನ್, ಗ್ರ್ಯಾಂಡ್ ಕ್ಯಾನ್ಯನ್ ಎಲ್ಲಾ ಸುತ್ತಿಸಿಕೊಂಡು ಬರೋಣ ಅನ್ನೋ ಆಸೆ ಹಲವರಿಗಿದೆ. ಒಳ್ಳೇ ಆಸೆನೇ. ನಮ್ಮದೇ ಅಡುಗೆಮನೆ, ನಮ್ಮದೇ ಬಾತ್‌ರೂಮ್, ಹೊತ್ತು ಹೊತ್ತಿಗೆ ಬಿಸಿ ಅನ್ನ-ಸಾರು. ವಯಸ್ಸಾದವರನ್ನು ದೂರ ಕರ್ಕೊಂಡು ಹೋಗೋರಿಗೆ ಇನ್ನೇನು ಬೇಕು?

ಆದ್ರೆ ಶೋರೂಮ್‌ಗೆ ಹೋದ ತಕ್ಷಣ ಒಂದು ಪ್ರಶ್ನೆ ಬರುತ್ತೆ. ನಮ್ಮ ಟ್ರಕ್ ಎಷ್ಟು ದೊಡ್ಡ ಟ್ರೇಲರ್ ಎಳೆಯುತ್ತೆ? ನಾನು ಓದಿದ್ದು ಬಿ.ಕಾಂ., ಎಂಜಿನಿಯರಿಂಗ್ ಅಲ್ಲ. ಆದ್ರೂ ಈ ವಿಷಯ ಎತ್ತಿಕೊಂಡಿದ್ದೀನಿ. ಯಾಕಂದ್ರೆ ಇದು ಎಂಜಿನ್ ಶಕ್ತಿಗಿಂತ ಹೆಚ್ಚಾಗಿ ಜಮಾ-ಖರ್ಚಿನ ಪ್ರಶ್ನೆ.

ಹಾಫ್-ಟನ್ ಅಂತ ಕರೆಯೋ ಟ್ರಕ್‌ಗಳನ್ನೇ ತಗೊಳ್ಳೋಣ. ಫೋರ್ಡ್ ಎಫ್-150, ಶೆವ್ರೊಲೆ ಸಿಲ್ವರಾಡೊ 1500, ರಾಮ್ 1500, ಟೊಯೊಟಾ ಟಂಡ್ರಾ, ಇವೆಲ್ಲ ಆ ವರ್ಗದವು. ನಿಮ್ಮ ಟ್ರಕ್‌ನ ಬ್ರೋಷರ್‌ನಲ್ಲಿ 11,000 ಪೌಂಡ್, ಅಂದ್ರೆ ಸುಮಾರು 5,000 ಕೆ.ಜಿ. ಎಳೆಯುತ್ತೆ ಅಂತ ಇದೆ ಅಂದ್ಕೊಳ್ಳಿ. ಸೇಲ್ಸ್‌ನವರು ಅದನ್ನೇ ಹಿಡ್ಕೊಂಡು 'ನಿಮ್ಮ ಟ್ರಕ್‌ಗೆ 6,500 ಪೌಂಡ್ ಟ್ರೇಲರ್ ಏನೇನೂ ಅಲ್ಲ ಸರ್' ಅಂತಾರೆ. ಕೇಳೋಕೆ ಸರಿ ಅನ್ನಿಸುತ್ತೆ.

ಈಗ ಡ್ರೈವರ್ ಕಡೆ ಬಾಗಿಲು ತೆಗೀರಿ. ಬಾಗಿಲ ಚೌಕಟ್ಟಿನಲ್ಲಿ ಹಳದಿ-ಬಿಳಿ ಸ್ಟಿಕರ್ ಒಂದಿರುತ್ತೆ. ಜನ ಮತ್ತು ಸಾಮಾನಿನ ಒಟ್ಟು ತೂಕ ಇಷ್ಟು ಮೀರಬಾರದು ಅಂತ ಅದರಲ್ಲಿ ಬರೆದಿರ್ತಾರೆ. ಇದೇ ಪೇಲೋಡ್. ಕಂಪನಿ ಇದನ್ನು ನಿಮ್ಮ ಟ್ರಕ್‌ಗೆ ಅಂತಲೇ ಅಂಟಿಸಿರುತ್ತೆ. ಒಂದೇ ಮಾಡೆಲ್‌ನ ಎರಡು ಟ್ರಕ್‌ಗಳಲ್ಲಿ ಈ ಅಂಕಿ ಬೇರೆ ಬೇರೆ ಇರಬಹುದು. ಸನ್‌ರೂಫ್, ಪವರ್ ಸೀಟು, ದೊಡ್ಡ ಚಕ್ರ, ಹೀಗೆ ಒಂದೊಂದು ಐಷಾರಾಮ ಸೇರಿದಾಗಲೂ ಟ್ರಕ್‌ನ ತೂಕ ಏರುತ್ತೆ, ಪೇಲೋಡ್ ಇಳಿಯುತ್ತೆ. ಅದಕ್ಕೇ ದುಬಾರಿ ಮಾಡೆಲ್‌ಗಿಂತ ಸಾದಾ ಮಾಡೆಲ್ ಹೆಚ್ಚು ಹೊರೋದು ಉಂಟು.

ನಿಮ್ಮ ಸ್ಟಿಕರ್‌ನಲ್ಲಿ 1,500 ಪೌಂಡ್ ಇದೆ ಅಂತ ಇಟ್ಕೊಳ್ಳೋಣ. ಟ್ರೇಲರ್ ಹಿಂದೆ ಉರುಳಿಕೊಂಡು ಬರುತ್ತಲ್ಲ, ಅದಕ್ಕೂ ಟ್ರಕ್ ಹೊರೋ ತೂಕಕ್ಕೂ ಏನು ಸಂಬಂಧ ಅಂತ ಕೇಳಬಹುದು. ಇಲ್ಲೇ ಇರೋದು ವಿಷಯ. ಟ್ರೇಲರ್‌ನ ತೂಕ ಪೂರ್ತಿ ಅದರ ಚಕ್ರದ ಮೇಲೆ ಇರಲ್ಲ. ಶೇಕಡಾ 10ರಿಂದ 15ರಷ್ಟು ಮೂತಿಯ ಮೂಲಕ ಟ್ರಕ್‌ನ ಹಿಂಭಾಗದ ಮೇಲೆ ಕೂರುತ್ತೆ. ಇದಕ್ಕೆ ಟಂಗ್ ವೇಟ್ ಅಂತಾರೆ. ನಾವು ಶೇ. 13 ಅಂತ ಹಿಡಿಯೋಣ. ಈ ತೂಕ ಪೇಲೋಡ್‌ನ ಖಾತೆಗೇ ಖರ್ಚು ಬೀಳುತ್ತೆ.

ಈಗ ಲೆಕ್ಕ ಹಾಕೋಣ. ಜಮಾ 1,500 ಪೌಂಡ್. ಟ್ರಕ್‌ನಲ್ಲಿ ಐದು ಜನ. ಗಂಡ 180, ಹೆಂಡತಿ 150, ಮಗು 50, ಅಪ್ಪ 165, ಅಮ್ಮ 145. ಒಟ್ಟು 690. ಟ್ರಕ್‌ನ ಹಿಂಬದಿಯಲ್ಲಿ ಕೂಲರ್, ಟೂಲ್ಸ್, ಸೌದೆ, ಜೊತೆಗೆ ಅಮ್ಮ ಬಿಟ್ಟು ಬರಲ್ಲ ಅಂದ ಸೋನಾ ಮಸೂರಿ ಮೂಟೆ, ಕುಕ್ಕರ್. ಎಲ್ಲ ಸೇರಿ 150. ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಅಂತ ಒಂದು ಸಲಕರಣೆ ಬೇಕು, ಅದರದ್ದೇ ತೂಕ ಸುಮಾರು 100. ಒಟ್ಟು ಖರ್ಚು 940. ಉಳಿದಿದ್ದು 560 ಪೌಂಡ್. ಇದು ಟ್ರೇಲರ್‌ನ ಶೇ. 13 ಆಗಬೇಕು ಅಂದ್ರೆ, ತುಂಬಿದ ಟ್ರೇಲರ್ ಸುಮಾರು 4,300 ಪೌಂಡ್ ದಾಟೋ ಹಾಗಿಲ್ಲ.

11,000 ಎಲ್ಲಿ, 4,300 ಎಲ್ಲಿ! ಸೇಲ್ಸ್‌ನವರು ತೋರಿಸಿದ 6,500 ಪೌಂಡ್ ಟ್ರೇಲರ್ ಸಿಕ್ಕಿಸಿದ್ರೆ ಮೂತಿಯ ತೂಕವೇ 845 ಆಗುತ್ತೆ. ಟ್ರಕ್ 285 ಪೌಂಡ್ ಓವರ್‌ಲೋಡ್. ಎಂಜಿನ್ ಆರಾಮಾಗಿ ಎಳೆಯುತ್ತೆ, ಹಾಗಾಗಿ ಡ್ರೈವರ್‌ಗೆ ಗೊತ್ತೇ ಆಗಲ್ಲ. ತೊಂದರೆ ಆಗೋದು ಹಿಂದಿನ ಆಕ್ಸಲ್, ಟೈರ್, ಸ್ಪ್ರಿಂಗ್, ಬ್ರೇಕ್‌ಗೆ. ಹಿಂಭಾಗ ಕುಗ್ಗಿ ಮುಂದಿನ ಚಕ್ರ ಹಗುರಾದ್ರೆ ಸ್ಟಿಯರಿಂಗ್ ಹಿಡಿತವೂ ಕಮ್ಮಿ ಆಗುತ್ತೆ.

ಹಾಗಾದ್ರೆ ಬ್ರೋಷರ್ ಸುಳ್ಳಾ? ಅಲ್ಲ. ಎಸ್‌ಎಇ ಜೆ2807 ಅನ್ನೋ ಮಾನದಂಡದ ಪ್ರಕಾರ ಈ ಪರೀಕ್ಷೆ ನಡೆಯುತ್ತೆ. ಅರಿಜೋನಾದ ಡೇವಿಸ್ ಡ್ಯಾಮ್ ಏರಿನ 11.4 ಮೈಲಿ ಹಾದಿ ಅದಕ್ಕೆ ಆಧಾರ. ಎ.ಸಿ. ಪೂರ್ತಿ ಹಾಕಿಕೊಂಡು, ಇಂಥ ಟ್ರಕ್ ಅಲ್ಲಿ ಗಂಟೆಗೆ 40 ಮೈಲಿಗಿಂತ ಕೆಳಗೆ ಇಳೀಬಾರದು. ಕಷ್ಟದ ಪರೀಕ್ಷೆನೇ. ಆದ್ರೆ ಆ ಲೆಕ್ಕದಲ್ಲಿ ಟ್ರಕ್ ಒಳಗೆ ಇರೋದು ಇಬ್ಬರೇ, ತಲಾ 150 ಪೌಂಡ್. ಮೂತಿಯ ತೂಕ ಶೇ. 10 ಮಾತ್ರ. ಅಂದ್ರೆ ಬ್ರೋಷರ್ ಹೇಳ್ತಿರೋದು ನಿಜಾನೇ, ಆದ್ರೆ ಅದು ಬೇರೆಯವರ ಮನೆ ಲೆಕ್ಕ. ಆ ಲೆಕ್ಕದಲ್ಲಿ ಮಗು ಇಲ್ಲ, ಅಪ್ಪ-ಅಮ್ಮ ಇಲ್ಲ, ಅಕ್ಕಿ ಮೂಟೆ ಇಲ್ಲ.

ಇನ್ನೊಂದು ರೀತಿ ಹೇಳ್ತೀನಿ. 145 ಪೌಂಡ್ ತೂಕದ ಅಮ್ಮ ಟ್ರಕ್ ಹತ್ತಿದ್ರೆ, ನೀವು ಕೊಳ್ಳಬಹುದಾದ ಟ್ರೇಲರ್ ಸುಮಾರು 1,100 ಪೌಂಡ್ ಹಗುರಾಗಬೇಕು. ಯಾರಿಗೋಸ್ಕರ ಟ್ರೇಲರ್ ತಗೋತಿದ್ದೀವೋ ಅವರನ್ನೇ ಲೆಕ್ಕದಿಂದ ಬಿಟ್ಟುಬಿಟ್ರೆ ಹೇಗೆ?

ಟ್ರೇಲರ್ ಕಡೆಯೂ ಇಂಥದ್ದೇ ಎರಡು ಅಂಕಿ ಇರುತ್ತೆ. ಡ್ರೈ ವೇಟ್ ಅಂದ್ರೆ ಖಾಲಿ ತೂಕ. ಜಾಹೀರಾತಲ್ಲಿ ದೊಡ್ಡದಾಗಿ ಹಾಕೋದು ಅದನ್ನ. ನೀವು ನೋಡಬೇಕಿರೋದು ಜಿವಿಡಬ್ಲ್ಯುಆರ್, ಅಂದ್ರೆ ತುಂಬಿದ ಮೇಲೆ ಇರಬಹುದಾದ ಗರಿಷ್ಠ ತೂಕ. ನೀರು ಗ್ಯಾಲನ್‌ಗೆ 8.3 ಪೌಂಡ್ ತೂಗುತ್ತೆ. 40 ಗ್ಯಾಲನ್ ಟ್ಯಾಂಕ್ ತುಂಬಿಸಿದ್ರೆ 332 ಪೌಂಡ್. ಬ್ಯಾಟರಿ, ಗ್ಯಾಸ್ ಸಿಲಿಂಡರ್ ಸಾಮಾನ್ಯವಾಗಿ ಮೂತಿ ಮೇಲೆಯೇ ಇರ್ತಾವೆ, ಹಾಗಾಗಿ ಬ್ರೋಷರ್‌ನ ಟಂಗ್ ವೇಟ್ ಕೂಡ ನಿಜವಾದ ಪ್ರಯಾಣದಲ್ಲಿ ಹಾಗೇ ಉಳಿಯಲ್ಲ.

ಕೆಲವರು ಒಂದು ಉಪಾಯ ಹೇಳ್ತಾರೆ: ಸಾಮಾನೆಲ್ಲ ಟ್ರೇಲರ್‌ನ ಹಿಂದಕ್ಕೆ ಹಾಕಿ, ಮೂತಿ ಹಗುರಾಗುತ್ತೆ ಅಂತ. ದಯವಿಟ್ಟು ಮಾಡಬೇಡಿ. ಮೂತಿ ಹಗುರಾದ್ರೆ ಟ್ರೇಲರ್ ಹಾವಿನ ಬಾಲದ ಹಾಗೆ ಆಡೋಕೆ ಶುರು ಮಾಡುತ್ತೆ. ಪಕ್ಕದಲ್ಲಿ ದೊಡ್ಡ ಲಾರಿ ಹಾದುಹೋದ್ರೂ ಸಾಕು. ಹಾಗೇನಾದ್ರೂ ಆದ್ರೆ ಟ್ರಕ್‌ನ ಬ್ರೇಕ್ ಒತ್ತಬೇಡಿ, ವೇಗ ಹೆಚ್ಚಿಸಬೇಡಿ. ಸ್ಟಿಯರಿಂಗ್ ನೇರ ಹಿಡಿದು, ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಬ್ರೇಕ್ ಕಂಟ್ರೋಲರ್‌ನಿಂದ ಟ್ರೇಲರ್ ಬ್ರೇಕನ್ನು ಮಾತ್ರ ಕೈಯಲ್ಲಿ ಹಾಕಿ. ಆ ಲಿವರ್ ಎಲ್ಲಿದೆ ಅಂತ ಹೊರಡೋ ಮುಂಚೆಯೇ ಗೊತ್ತಿರಬೇಕು. ವೇಗದ ವಿಷಯಕ್ಕೆ ಬಂದ್ರೆ, ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯೋ ವಾಹನಕ್ಕೆ ಗಂಟೆಗೆ 55 ಮೈಲಿಯೇ ಮಿತಿ. ಅಕ್ಕಪಕ್ಕದವರು 75ರಲ್ಲಿ ಹೋಗ್ತಿದ್ರೂ ನಮ್ಮದು ಅದೇ.

ಹಾಗಾದ್ರೆ ದಾರಿ ಏನು? ನಾನು ಮೂರು ಹೇಳ್ತೀನಿ.

ಒಂದು, ಚಿಕ್ಕದು ಕೊಳ್ಳಿ. 4,300 ಪೌಂಡ್ ಒಳಗೆ ಅಂದ್ರೆ ಸಾಮಾನ್ಯವಾಗಿ 20 ಅಡಿ ಆಸುಪಾಸು. ಐದು ಜನಕ್ಕೆ ಇಕ್ಕಟ್ಟೇ. ಟ್ರೇಲರ್ ಅಪ್ಪ-ಅಮ್ಮನಿಗೆ, ಪಕ್ಕದಲ್ಲಿ ಟೆಂಟ್ ನಿಮಗೆ ಅಂತ ಮಾಡ್ಕೋಬಹುದು. ಆದ್ರೆ ಜಾಗದ ನಿಯಮ ಮೊದಲೇ ನೋಡಿ. ಯೆಲ್ಲೋಸ್ಟೋನ್‌ನ ಫಿಶಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕ್‌ನಲ್ಲಿ ಕರಡಿ ಕಾಟದಿಂದ ಟೆಂಟ್ ಬಿಡಲ್ಲ. ಚಿಕ್ಕದರ ಲಾಭವೂ ಇದೆ: ನ್ಯಾಷನಲ್ ಪಾರ್ಕ್‌ಗಳ ಹಳೇ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಉದ್ದದ ಮಿತಿ ಇರುತ್ತೆ, 30 ಅಡಿಯದ್ದಕ್ಕೆ ಜಾಗ ಸಿಗೋದು ಕಷ್ಟ.

ಎರಡು, ಎರಡು ವಾಹನ ತಗೊಂಡು ಹೋಗಿ. ಹೆಂಡತಿ, ಅತ್ತೆ, ಮಾವ ಮನೆಯ ಇನ್ನೊಂದು ಕಾರಿನಲ್ಲಿ ಬಂದ್ರೆ ಟ್ರಕ್‌ನಲ್ಲಿ ಇರೋದು ಗಂಡ, ಮಗು ಮಾತ್ರ. ಆಗ ಮೂತಿಗೆ 1,020 ಪೌಂಡ್ ಉಳಿಯುತ್ತೆ. 6,500 ಪೌಂಡ್ ಟ್ರೇಲರ್ ಸ್ಟಿಕರ್ ಒಳಗೇ ಬರುತ್ತೆ. ಪೆಟ್ರೋಲ್ ಖರ್ಚು ಜಾಸ್ತಿ, ನಿಜ. ಆದ್ರೆ ಹೊಸ ಟ್ರಕ್ ಕೊಳ್ಳೋದಕ್ಕಿಂತ ಕಮ್ಮಿ.

ಮೂರು, ಎಫ್-250, ರಾಮ್ 2500 ಥರದ ದೊಡ್ಡ ಟ್ರಕ್. ಅಲ್ಲೂ ಸ್ಟಿಕರ್ ನೋಡಲೇಬೇಕು, ಡೀಸೆಲ್ ಎಂಜಿನ್ ತೂಕವೇ ಪೇಲೋಡ್ ತಿನ್ನುತ್ತೆ. ಇಲ್ಲಿ ಹಣದ ಮಾತೂ ಬರುತ್ತೆ. ಟ್ರೇಲರ್ ಸಾಲ 10-15 ವರ್ಷಕ್ಕೆ ಸಿಗುತ್ತೆ, ಇಎಂಐ ಚಿಕ್ಕದಾಗಿ ಕಾಣುತ್ತೆ. ಆದ್ರೆ ಟ್ರೇಲರ್ ಸೈಟ್ ಅಲ್ಲ, ವರ್ಷವರ್ಷ ಬೆಲೆ ಇಳಿಯುತ್ತೆ. ಟ್ರೇಲರ್ ಮೊದಲು ಕೊಂಡು, ಅದಕ್ಕೋಸ್ಕರ ಟ್ರಕ್ ಬದಲಾಯಿಸಿದ್ರೆ ಎರಡು ಸಾಲ ತಲೆ ಮೇಲೆ. ವರ್ಷಕ್ಕೆ ಎರಡು ವಾರದ ಪ್ರವಾಸಕ್ಕೆ ಅಷ್ಟು ಬೇಕಾ? ಮೊದಲ ಸಲ ಬಾಡಿಗೆಗೆ ತಗೊಂಡು ನೋಡಿ.

ಕೊಳ್ಳೋಕೆ ಹೋದಾಗ ಅಪ್ಪ-ಅಮ್ಮ ಅಲ್ಲೇ ಇದ್ರೆ ಕರ್ಕೊಂಡು ಹೋಗಿ. ಮೆಟ್ಟಿಲು ಹತ್ತಿಸಿ. ಹಾಸಿಗೆ ಮೇಲೆ ಮಲಗಿಸಿ. ಗೋಡೆಗೆ ಒತ್ತಿಕೊಂಡಿರೋ ಹಾಸಿಗೆಯಾದ್ರೆ ರಾತ್ರಿ ಎದ್ದು ಬಾತ್‌ರೂಮ್‌ಗೆ ಹೋಗೋಕೆ ಒಬ್ಬರ ಮೇಲೆ ಇನ್ನೊಬ್ಬರು ದಾಟಬೇಕು. ಮಂಡಿ ನೋವಿರೋರಿಗೆ ಟಿ.ವಿ. ಎಷ್ಟು ಇಂಚು ಅನ್ನೋದಕ್ಕಿಂತ ಇದು ಮುಖ್ಯ.

ಕೊನೆಗೆ, ಹೊರಡೋ ಮುಂಚೆ ತೂಕ ಮಾಡಿಸಿ. ಹೆದ್ದಾರಿ ಬದಿಯ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅಂತ ಇರುತ್ತೆ. ಎಲ್ಲರೂ ಕೂತು, ನೀರು ತುಂಬಿಸಿ, ಸಾಮಾನು ಹೇರಿ ಅದರ ಮೇಲೆ ನಿಲ್ಲಿಸಿ. ಟ್ರಕ್‌ನ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಆಕ್ಸಲ್, ಮೂರಕ್ಕೂ ಬೇರೆ ಬೇರೆ ತೂಕ ಬರೆದ ಚೀಟಿ ಕೊಡ್ತಾರೆ. ಬಾಗಿಲಲ್ಲಿರೋ ಮಿತಿಗಳ ಜೊತೆ ಅದನ್ನು ತಾಳೆ ನೋಡಿ. ಲೆಕ್ಕ ತಾಳೆಯಾದ್ರೆ ಧೈರ್ಯವಾಗಿ ಹೊರಡಿ.

ನಿಮ್ಮ ಟ್ರಕ್‌ನ ಸ್ಟಿಕರ್ ಅಂಕಿ, ಮನೆಯವರ ಒಟ್ಟು ತೂಕ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಕೆಲವರ ಲೆಕ್ಕ ಒಟ್ಟಿಗೆ ಹಾಕೋಣ.