ಪರಭಾರೆ ಅಂದರೆ ಏನು?

(ಕೋಣನಕುಂಟೆಯಲ್ಲಿ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತುಗಳು)



ನೀವು ಬಂದಿಳಿದ ಕೋಣನಕುಂಟೆ ಕ್ರಾಸಿನಲ್ಲಿ 2021ರಿಂದ ಮೆಟ್ರೋ ನಿಲ್ಲುತ್ತಿದೆ. ಹಿಂದೆ ಇದು ಉತ್ತರಹಳ್ಳಿ ಹೋಬಳಿಯ ಒಂದು ಹಳ್ಳಿ. ಈ ಸುತ್ತಿನ ಹೊಲಗಳೆಲ್ಲ ಸೈಟಾದವು. ಎಕರೆ ಲೆಕ್ಕದಲ್ಲಿ ಕಳಕೊಂಡವರು ಯಾರು, ಅಡಿ ಲೆಕ್ಕದಲ್ಲಿ ಮಾರಿದವರು ಯಾರು ಅಂತ ಕೇಳಿಕೊಳ್ಳಿ. ಕಾನೂನಿನ ಪದ ನಮಗ್ಯಾಕೆ ಬೇಕು ಅನ್ನೋದು ಆಗ ತಿಳಿಯುತ್ತೆ.

ಇಲ್ಲೇ ಇರಲಿ, ನೀವು ಬಿಟ್ಟು ಬಂದ ಊರಲ್ಲೇ ಇರಲಿ, ನಮ್ಮ ಹಿರೀಕರು ಹೆಬ್ಬೆಟ್ಟು ಒತ್ತಿದ್ದು ತಮಗೆ ಓದಲು ಬಾರದ ಕಾಗದಕ್ಕೆ. ಓದಿ ಹೇಳಿದವನು ಬರೆಸಿಕೊಂಡವನ ಕಡೆಯವನೇ. 'ಸಾಲದ ಪತ್ರ ಕಣಜ್ಜ, ಒತ್ತು' ಅಂದ. ಅದು ಕ್ರಯಪತ್ರವಾಗಿತ್ತು. ಈಗ ಓದಲು ಬಲ್ಲವರು ನೀವಿದ್ದೀರಿ. ಆದರೆ ಬಿ.ಎ. ಓದಿದವರಿಗೂ ತಾಲ್ಲೂಕು ಕಚೇರಿಯ ಕನ್ನಡ ಕನ್ನಡವಾಗಿ ಕಾಣೋದಿಲ್ಲ, ಅದೂ ನಿಜ.

ಮೊದಲು 'ಮಂಜೂರಾತಿ'. ಸರ್ಕಾರ ತನ್ನ ಜಮೀನನ್ನು ಒಬ್ಬರಿಗೆ ಕೊಡೋದು. ಅದಕ್ಕೆ ಪುರಾವೆ ಸಾಗುವಳಿ ಚೀಟಿ. ಅದರಲ್ಲಿ ಷರತ್ತು ಬರೆದಿರುತ್ತೆ: ಇಂತಿಷ್ಟು ವರ್ಷ ಪರಭಾರೆ ಮಾಡಕೂಡದು. ಕೆಲವು ಚೀಟಿಗಳಲ್ಲಿ, ಎಂದೆಂದಿಗೂ ಮಾಡಕೂಡದು.

'ಪರಭಾರೆ' ಅಂದರೆ ಪರರ ಕೈಗೆ ದಾಟಿಸೋದು. ಮಾರಾಟ ಒಂದೇ ಅಂತ ತಿಳೀಬೇಡಿ. ದಾನ, ಅದಲುಬದಲು, ಅಡಮಾನ, ಗುತ್ತಿಗೆ, ಕೊನೆಗೆ ಮಾರುತ್ತೇವೆ ಅನ್ನೋ ಬರೀ ಕರಾರೂ ಪರಭಾರೆಯೇ. ಅಣ್ಣತಮ್ಮಂದಿರ ಭಾಗ ಮತ್ತು ಉಯಿಲು ಮಾತ್ರ ಅಲ್ಲ. ಇದು ನಮ್ಮ ಅರ್ಥವಲ್ಲ, ದೇವರಾಜ ಅರಸು ಸರ್ಕಾರದ ಕಾಲದಲ್ಲಿ ಬಂದ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಕೊಟ್ಟ ಅರ್ಥ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಷರತ್ತು ಮುರಿದು ದಾಟಿಸಿಕೊಂಡಿದ್ದರೆ ಅದು 'ಶೂನ್ಯ' ಅಂತ ಕಾಯ್ದೆ ಹೇಳಿತು. ಕಾಯ್ದೆಗೆ ಮುಂಚೆ ಆದದ್ದಕ್ಕೂ ಇದು ಅನ್ವಯ. ಆಮೇಲಿನದಕ್ಕೆ ಸರ್ಕಾರದ ಪೂರ್ವಾನುಮತಿ ಬೇಕೇ ಬೇಕು. ಶೂನ್ಯ ಅಂದರೆ ತಪ್ಪು ಅಂತಲ್ಲ, ಆ ವ್ಯವಹಾರ ನಡೆದೇ ಇಲ್ಲ ಅಂತ. ಕೊಂಡವರು ಸುಪ್ರೀಂ ಕೋರ್ಟಿನವರೆಗೂ ಹೋದರು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು.

ಅರ್ಜಿ ಕೊಡಬೇಕಾದ್ದು ಉಪವಿಭಾಗಾಧಿಕಾರಿಗೆ, ಜನ ಎ.ಸಿ. ಅಂತಾರಲ್ಲ ಅವರಿಗೆ. ಮೇಲ್ಮನವಿ ಡಿ.ಸಿ.ಗೆ. ಮಂಜೂರಾದ ಜಮೀನು ಬೇರೆಯವರ ಸ್ವಾಧೀನದಲ್ಲಿದ್ದರೆ ಅದು ಶೂನ್ಯ ಪರಭಾರೆಯಿಂದಲೇ ಬಂತು ಅಂತ ಕಾಯ್ದೆ ಮೊದಲಿಗೆ ಊಹಿಸುತ್ತೆ. ಅಲ್ಲ ಅಂತ ಸಾಬೀತು ಮಾಡೋ ಹೊರೆ ಅವರದ್ದು. ಇಂಥ ಅನುಕೂಲ ನಮಗೆ ಬೇರೆ ಕಾನೂನಿನಲ್ಲಿ ಸಿಗೋದು ಅಪರೂಪ.

ಆದರೆ ತೋಟಿ, ತಳವಾರಿಕೆ ಇನಾಮಿನ ಜಮೀನು ಇದರೊಳಗೆ ಬರೋದಿಲ್ಲ. ಅದಕ್ಕೆ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬೇರೆ ಐತೆ. ತಲೆಮಾರುಗಟ್ಟಲೆ ಬಿಟ್ಟಿ ಚಾಕರಿ ಮಾಡಿ ಪಡೆದ ಭೂಮಿಗೆ ಈ ರಕ್ಷಣೆ ಇಲ್ಲ ಅಂದರೆ ಹೊಟ್ಟೆ ಉರಿಯುತ್ತೆ. ಆದರೂ ಗೊತ್ತಿರಲಿ, ತಪ್ಪು ಬಾಗಿಲು ತಟ್ಟಿ ವರ್ಷ ಕಳೀಬೇಡಿ.

ಯಾಕೆಂದರೆ ಕೊನೆಯ ಪದ 'ವಿಳಂಬ'. ನಮ್ಮನ್ನು ಸೋಲಿಸುತ್ತಿರೋದು ಇದೇ. ಕಾಯ್ದೆಯಲ್ಲಿ ಕಾಲಮಿತಿ ಬರೆದಿರಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟು ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ, ಇಪ್ಪತ್ತೈದು ವರ್ಷದ ನಂತರ ಬಂದ ಅರ್ಜಿ ತೀರಾ ತಡವಾಯಿತು ಅಂದಿತು. ಅದನ್ನೇ ಹಿಡಿದು ಎಷ್ಟೋ ಅರ್ಜಿಗಳನ್ನು ತಳ್ಳಿಹಾಕಿದರು. ನಮ್ಮವರು ಧರಣಿ ಕೂತರು. 2023ರಲ್ಲಿ ವಿಧಾನಮಂಡಲ 'ಯಾವ ಕಾಲಮಿತಿಯೂ ಇಲ್ಲ' ಅಂತ ತಿದ್ದುಪಡಿ ತಂದಿತು. ಅಷ್ಟರಿಂದಲೇ ಕೆಲಸ ಮುಗೀಲಿಲ್ಲ. ಕಾಲಮಿತಿ ಬೇರೆ, ವಿಳಂಬ ಬೇರೆ ಅಂತ 2024ರಲ್ಲಿ ಹೈಕೋರ್ಟು ಹೇಳಿತು. ಓದಲು ಬಾರದವನು ಯಾಕೆ ತಡಮಾಡಿದ ಅಂತ ಕೇಳುವವರಿಗೆ ಏನು ಹೇಳೋಣ?

ದಸರಾ ರಜಕ್ಕೆ ಊರಿಗೆ ಹೋಗ್ತೀರಲ್ಲ, ಅಜ್ಜಿಯ ಟ್ರಂಕು ತೆಗೆಸಿ. ಸಾಗುವಳಿ ಚೀಟಿಯ ಷರತ್ತು ಓದಿ. ಪಹಣಿಯ 9ನೇ ಕಾಲಂನಲ್ಲಿ ಒಡೆಯ ಯಾರು, 12ರಲ್ಲಿ ಉಳುವವ ಯಾರು ನೋಡಿ. ಚೀಟಿ ಕಳೆದಿದ್ದರೆ ತಾಲ್ಲೂಕು ಕಚೇರಿಯಲ್ಲಿ ಮಂಜೂರಾತಿ ಕಡತದ ದೃಢೀಕೃತ ನಕಲಿಗೆ ಅರ್ಜಿ ಹಾಕಿ. 'ಕಡತ ಇಲ್ಲ' ಅಂದರೆ ಆ ಮಾತನ್ನು ಬರಹದಲ್ಲಿ ಕೇಳಿ, ತಾರೀಕು ಸಮೇತ.