ಹೊಸ ಹಾರ್ಡ್ ಡಿಸ್ಕ್ ಮತ್ತು ಗಣಕಯಂತ್ರ



ಹೊಸದಾಗಿ ಕೊಂಡು ತಂದ ಹಾರ್ಡ್ ಡಿಸ್ಕನ್ನು ಗಣಕಯಂತ್ರದ ಪೆಟ್ಟಿಗೆಯೊಳಗೆ ಕೂರಿಸಿ, ತಿರುಪುಗಳನ್ನು ಬಿಗಿದು, ವಿದ್ಯುತ್ತು ಹರಿಯಿಸಿ, ಅತ್ಯಂತ ಕುತೂಹಲದಿಂದ ತೆರೆಯ ಮುಂದೆ ಕುಳಿತವನಿಗೆ, ಅಲ್ಲಿ ಹಳೆಯ ಡಿಸ್ಕೊಂದೇ ಕಾಣಿಸಿ ಹೊಸದರ ಸುಳಿವೇ ಇಲ್ಲವಾದಾಗ, ಕೊಂಡ ವಸ್ತುವೇ ಕೆಟ್ಟದ್ದೆಂಬ ಶಂಕೆ ಮೂಡುವುದು ಸಹಜ. ಆದರೆ ಅಂಗಡಿಗೆ ಮರಳಿಸುವ ಮುನ್ನ ಒಂದು ಭೇದವನ್ನು ಅರಿಯಬೇಕು: ಯಂತ್ರವು ಡಿಸ್ಕನ್ನು ತಾನು ಕಾಣುವುದು ಬೇರೆ, ನಮಗೆ ಕಾಣಿಸುವುದು ಬೇರೆ.

ಮೊದಲನೆಯದು ತಂತಿಗಳ ವಿಚಾರ. ಸಾಟಾ ಎಂಬ ಜೋಡಣೆಯ ಡಿಸ್ಕಿಗೆ 7 ಸಂಪರ್ಕಗಳ ಕಿರಿದಾದ ಕೇಬಲ್ ದತ್ತಾಂಶವನ್ನೂ 15 ಸಂಪರ್ಕಗಳ ಅಗಲವಾದುದು ವಿದ್ಯುತ್ತನ್ನೂ ಒಯ್ಯುತ್ತವೆ; ಇವೆರಡರಲ್ಲಿ ಒಂದು ಸಡಿಲವಾದರೂ ಡಿಸ್ಕ್ ಇದ್ದೂ ಇಲ್ಲದಂತೆಯೇ. ಯಂತ್ರವನ್ನು ಪೂರ್ಣವಾಗಿ ಆರಿಸಿ, ಅವನ್ನು ಕಳಚಿ, ಮತ್ತೆ ಒತ್ತಿ ಕೂರಿಸಿ. ಯಂತ್ರವು ಎಚ್ಚರಗೊಳ್ಳುವಾಗ ಮೊದಲು ನಡೆಯುವ ಬಯಾಸ್ ಎಂಬ ಮೂಲವ್ಯವಸ್ಥೆಯ ಪುಟದಲ್ಲಿ ಡಿಸ್ಕಿನ ಹೆಸರು ಕಂಡಿತೆಂದರೆ, ಯಂತ್ರವು ಅದನ್ನು ಕಂಡಿದೆಯೆಂದೇ ತಿಳಿಯಬೇಕು. ಅಲ್ಲಿಯೂ ಕಾಣದಿದ್ದರೆ ಬೇರೆ ಕೇಬಲನ್ನು, ಬೇರೆ ಕಿಂಡಿಯನ್ನು ಪ್ರಯತ್ನಿಸಿ; ಎಂ.2 ಎಂಬ ಇನ್ನೊಂದು ಬಗೆಯ ಕಿಂಡಿಯಲ್ಲಿ ಡಿಸ್ಕ್ ಕುಳಿತರೆ ಒಂದು ಸಾಟಾ ಕಿಂಡಿಯನ್ನು ತಾನಾಗಿ ಮುಚ್ಚಿಬಿಡುವ ಮದರ್‌ಬೋರ್ಡುಗಳೂ ಉಂಟು.

ಎರಡನೆಯದೇ ಹೆಚ್ಚು ಜನರನ್ನು ದಾರಿ ತಪ್ಪಿಸುವಂಥದು. ಕಾರ್ಖಾನೆಯಿಂದ ಬಂದ ಡಿಸ್ಕು ಹದ್ದುಬಸ್ತಾಗದ, ಸರ್ವೆ ನಂಬರಿಲ್ಲದ ಬಯಲಿನಂತಿರುತ್ತದೆ. ಭೂಮಿಯಿದ್ದರೂ ಯಾವ ದಾಖಲೆಯಲ್ಲಿಯೂ ಅದಿಲ್ಲ. ವಿಂಡೋಸಿನಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ಎಂಬ ಕಿಟಕಿಯನ್ನು ತೆರೆದರೆ ಈ ಬಯಲು ಕಪ್ಪು ಪಟ್ಟಿಯಾಗಿ ಕಾಣಿಸುತ್ತದೆ. ಮೊದಲು ಅದನ್ನು ಇನಿಷಿಯಲೈಸ್ ಮಾಡಬೇಕು, ಅಂದರೆ ದಾಖಲೆಗೆ ಸಜ್ಜುಗೊಳಿಸಬೇಕು. ಆಗ ಎಂಬಿಆರ್, ಜಿಪಿಟಿ ಎಂಬ ಎರಡು ಪದ್ಧತಿಗಳಲ್ಲಿ ಒಂದನ್ನಾರಿಸುವಂತೆ ಯಂತ್ರವು ಕೇಳುವುದು. 1983ರಷ್ಟು ಹಿಂದಿನದಾದ ಎಂಬಿಆರ್, 512 ಬೈಟುಗಳ ಒಂದೊಂದು ತುಂಡಿಗೂ 32 ಬಿಟ್ಟುಗಳ ಸಂಖ್ಯೆಯಿಂದ ವಿಳಾಸ ಕೊಡುವುದರಿಂದ, ಸುಮಾರು 2.2 ಲಕ್ಷ ಕೋಟಿ ಬೈಟುಗಳಾಚೆಗೆ ಅದರ ಲೆಕ್ಕವು ನಿಂತುಹೋಗುತ್ತದೆ. 4 ಟೆರಾಬೈಟಿನ ಡಿಸ್ಕನ್ನು ಕೊಂಡವನಿಗೆ ಹೆಚ್ಚುಕಡಿಮೆ ಅರ್ಧ ಭಾಗ ನಿರುಪಯುಕ್ತವಾಗಿ ಉಳಿದೀತು. ಆದ್ದರಿಂದ ಇಂದಿನ ಯಂತ್ರಗಳಿಗೆ ಜಿಪಿಟಿಯೇ ಯುಕ್ತವೆಂದು ನನ್ನ ಅಭಿಪ್ರಾಯ. ಬಳಿಕ ಪಾರ್ಟಿಷನ್ ಎಂಬ ವಿಭಾಗವನ್ನು ರಚಿಸಿ, ಫಾರ್ಮ್ಯಾಟ್ ಮಾಡಿ, ಅದಕ್ಕೊಂದು ಅಕ್ಷರವನ್ನು ಕೊಟ್ಟರಾಯಿತು. ಎ, ಬಿ ಎಂಬವು ಒಂದು ಕಾಲಕ್ಕೆ ಫ್ಲಾಪಿಗಳಿಗೆ ಮೀಸಲಾಗಿದ್ದುದರಿಂದಲೇ ನಮ್ಮ ಮುಖ್ಯ ಡಿಸ್ಕಿಗೆ ಇಂದಿಗೂ ಸಿ ಎಂಬ ಹೆಸರು. ಎಲ್ಲವೂ ಸರಿಯಿದ್ದು ಅಕ್ಷರವೊಂದೇ ಇಲ್ಲವಾದರೂ ಡಿಸ್ಕು ಕಡತಗಳ ಕಿಟಕಿಯಲ್ಲಿ ತೋರದು.

1 ಟೆರಾಬೈಟ್ ಎಂದು ಕೊಂಡದ್ದು 931 ಗಿಗಾಬೈಟ್ ಎಂದು ಕಂಡರೆ ಮೋಸಹೋದೆವೆಂದು ಮರುಗಬೇಕಾದುದಿಲ್ಲ; ತಯಾರಕರು ಸಾವಿರದ ಲೆಕ್ಕದಲ್ಲಿಯೂ ವಿಂಡೋಸು 1024ರ ಲೆಕ್ಕದಲ್ಲಿಯೂ ಎಣಿಸುವುದೇ ಇದರ ಕಾರಣ.

ಈ ಕ್ರಮಗಳೆಲ್ಲವೂ ಬರಿದಾದ ಡಿಸ್ಕಿಗೆ ಮಾತ್ರ. ಹಳೆಯ ಯಂತ್ರದಿಂದ ಕಳಚಿ ತಂದ, ಮದುವೆಯ ಚಿತ್ರಗಳೋ ವರ್ಷಗಳ ಬರವಣಿಗೆಯೋ ತುಂಬಿರುವ ಡಿಸ್ಕನ್ನು ಜೋಡಿಸಿದಾಗ, ಇನಿಷಿಯಲೈಸ್ ಮಾಡಲೇ, ಫಾರ್ಮ್ಯಾಟ್ ಮಾಡಲೇ ಎಂದು ಯಂತ್ರವು ಕೇಳಿದರೆ ದಯವಿಟ್ಟು ಒಪ್ಪಬೇಡಿ. ಅದನ್ನು ಹಾಗೆಯೇ ಕಳಚಿ ತಿಳಿದವರ ಕೈಗೆ ಕೊಡಿ. ಹೊಸ ಡಿಸ್ಕಿನ ವಿಷಯದಲ್ಲಿಯೂ ಗುಂಡಿಯನ್ನೊತ್ತುವ ಮುನ್ನ ತೆರೆಯ ಮೇಲಿನ ಡಿಸ್ಕಿನ ಸಂಖ್ಯೆಯನ್ನೂ ಗಾತ್ರವನ್ನೂ ಎರಡು ಬಾರಿ ಓದಿಕೊಳ್ಳಿ.