ಪ್ರಾಚೀನ ಖಡ್ಗಗಳ ಸಂಗ್ರಹವೂ ಅದರ ಪ್ರಯೋಜನವೂ



ಕತ್ತಿಯು ಕೊಲ್ಲುವುದಕ್ಕಾಗಿ ಹುಟ್ಟಿದ ವಸ್ತು. ಅದರ ಕೆಲಸವು ತೀರಿದ ಮೇಲೆಯೂ ಅದನ್ನು ಒರಸಿ, ಎಣ್ಣೆ ಸವರಿ, ಮನೆಯಲ್ಲಿ ಜೋಪಾನವಾಗಿರಿಸಿಕೊಳ್ಳುವ ಜನರು ಎಲ್ಲ ದೇಶಗಳಲ್ಲಿಯೂ ಉಂಟು. ಇದು ಹಿಂಸೆಯಲ್ಲಿನ ಆಸಕ್ತಿಯೋ, ಪೂರ್ವಿಕರಲ್ಲಿನ ಭಕ್ತಿಯೋ, ಅಥವಾ ಧನದ ಆಶೆಯೋ ಎಂಬ ಪ್ರಶ್ನೆಯು ವಿಚಾರಶೀಲರಲ್ಲಿ ಹುಟ್ಟುವುದು ಸಹಜವೇ ಸರಿ. ದಯೆಯನ್ನೇ ಧರ್ಮದ ಮೂಲವೆಂದು ಬಗೆಯುವವರ ಮನೆಯ ಅಟ್ಟದಲ್ಲಿಯೂ ತುಕ್ಕುಹಿಡಿದ ಕತ್ತಿಯೊಂದು ಇರಬಹುದಾದ ಕಾರಣ, ಈ ಪ್ರಶ್ನೆಯು ಅರಮನೆಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ.

ಮೊದಲನೆಯ ಕಾರಣವು ಪೂರ್ವಿಕರ ಸ್ಮರಣೆ. ಕೊಡಗಿನಲ್ಲಿ ಗದ್ದೆಯ ನಾಟಿಯ ಕಾಲ ಬಂದಾಗ ಆಯುಧಗಳನ್ನು ಒಳಗೆ ಇರಿಸಿ, ನಾಟಿ ಮುಗಿದ ಮೇಲೆ ಕೈಲ್‌ಪೊಳ್ದ್ ಹಬ್ಬದಲ್ಲಿ ಹೊರತೆಗೆದು, ಹೂವಿನಿಂದ ಅಲಂಕರಿಸಿ ಪೂಜಿಸುವ ಸಂಪ್ರದಾಯವಿದೆ. ಅಲ್ಲಿ ಕತ್ತಿಯು ಮನೆತನದ ಹಿರಿಯರ ಪ್ರತಿನಿಧಿಯಾಗಿರುತ್ತದೆ. ನೇಗಿಲು ನಡೆಯುವಾಗ ಕತ್ತಿಯು ಮಲಗಿರಬೇಕೆಂಬ ನೀತಿಯೂ ಆ ಆಚಾರದಲ್ಲಿ ಅಡಗಿರುತ್ತದೆ. ನಾಡಿನ ಇತರ ಭಾಗಗಳಲ್ಲಿ ಮಹಾನವಮಿಯ ಆಯುಧಪೂಜೆಯಂದು ಕತ್ತಿಯ ಪಕ್ಕದಲ್ಲಿಯೇ ಕುಡುಗೋಲು, ತಕ್ಕಡಿಗಳಿಗೂ ವಿಭೂತಿ ಕುಂಕುಮಗಳು ಸಲ್ಲುತ್ತವೆ. ಪೂಜೆಯು ಕೊಲೆಗಲ್ಲ, ಬದುಕಿಗೆ ಆಧಾರವಾದ ಸಾಧನಕ್ಕೆ ಎಂಬುದು ಇದರಿಂದ ವಿದಿತವಾಗುತ್ತದೆ.

ಎರಡನೆಯ ಕಾರಣವು ಕಾರ್ಯಕೌಶಲ. ದಕ್ಷಿಣದೇಶದ ಕಮ್ಮಾರರು ಮೆದುಕಬ್ಬಿಣದ ತುಂಡುಗಳನ್ನು ಕಟ್ಟಿಗೆಯ ಚೂರು, ಎಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿಯನ್ನು ಮೆತ್ತಿ, ಇದ್ದಿಲ ಬೆಂಕಿಯಲ್ಲಿ ಕಾಯಿಸಿ, ಮೆಲ್ಲಗೆ ಆರಗೊಡುತ್ತಿದ್ದರು. ನೂರರಲ್ಲಿ ಒಂದರಿಂದ ಎರಡು ಭಾಗದಷ್ಟು ಇಂಗಾಲವನ್ನು ಹೀರಿ ಅದು ಉಕ್ಕಾಗುತ್ತಿತ್ತು. ಅಂಥ ಉಕ್ಕಿನ ಅಲಗಿಗೆ ಆಮ್ಲದ್ರವವನ್ನು ಸವರಿದರೆ ನೀರಿನ ಅಲೆಗಳಂತಹ ರೇಖೆಗಳು ಮೂಡುತ್ತವೆ. ಈ ಲೋಹವನ್ನು ಕುರಿತು ಜಾರ್ಜ್ ಪಿಯರ್ಸನ್ ಎಂಬ ಪಂಡಿತನು ಕ್ರಿ. ಶ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧವನ್ನೊಪ್ಪಿಸಿದನು. ಅವನು ಬಳಸಿದ ‘ವೂಟ್ಸ್’ ಎಂಬ ಹೆಸರು ‘ಉಕ್ಕು’ ಎಂಬ ನಮ್ಮ ಮಾತಿನ ವಿಕಾರವೆಂದು ವಿದ್ವಾಂಸರು ಊಹಿಸುತ್ತಾರೆ. ಕಮ್ಮಾರನ ಮಗನಾದ ಮೈಕೇಲ್ ಫ್ಯಾರಡೆಯು ಸಹ ತನ್ನ ತಾರುಣ್ಯದಲ್ಲಿ ಈ ಉಕ್ಕಿನ ಗುಟ್ಟನ್ನು ಅರಸಿದನು. ಮಾಡಿದವನ ಹೆಸರು ಅಳಿದುಹೋದರೂ ಅವನ ಕೈಯ ಕಾಯಕವು ಅಲಗಿನಲ್ಲಿ ಉಳಿದಿದೆ. ಅದನ್ನು ಕಾಯುವವನು ರಾಜನ ಪರಾಕ್ರಮಕ್ಕಿಂತ ಕಮ್ಮಾರನ ಶ್ರಮವನ್ನೇ ಹೆಚ್ಚಾಗಿ ಕಾಯುತ್ತಾನೆ.

ಮೂರನೆಯದು ಸಾಕ್ಷ್ಯ. ಹಳೆಯ ಕತ್ತಿಯು ಒಂದು ವಿಧದ ಶಾಸನವೇ ಆಗಿದೆ. ಯುರೋಪಿನ ಅಲಗಿಗೆ ಈ ದೇಶದ ಹಿಡಿಯನ್ನು ಕೂಡಿಸಿದ ಕತ್ತಿಗಳಿಗೆ ‘ಫಿರಂಗಿ’ ಎಂಬ ಹೆಸರು ಬಂದಿತು. ಅಂಥ ಒಂದೇ ವಸ್ತುವು ಹಡಗಿನ ವ್ಯಾಪಾರದ ಕಥೆಯನ್ನು ಹೇಳಬಲ್ಲದು. ಆದವಾನಿಯ ಕೋಟೆಯು ಮೊಗಲರ ವಶವಾದಾಗ, ಅವರ ಪಕ್ಷದಲ್ಲಿದ್ದ ಬಿಕಾನೇರಿನ ರಾಜ ಅನೂಪಸಿಂಹನು ಅಲ್ಲಿಯ ಆಯುಧಗಳನ್ನು ತನ್ನ ರಾಜಧಾನಿಗೆ ಸಾಗಿಸಿದನು. ಅವುಗಳ ಮೇಲೆ ಚುಕ್ಕೆಚುಕ್ಕೆಯಾಗಿ ಕೊರೆಯಿಸಿದ ನಾಗರೀ ಅಕ್ಷರಗಳಿಂದ, ಅವು ಎಲ್ಲಿಂದ ಬಂದುವೆಂಬುದು ಇಂದಿಗೂ ತಿಳಿಯುತ್ತದೆ. ಗೆದ್ದವನು ಹೆಮ್ಮೆಗಾಗಿ ಬರೆಯಿಸಿದ ಆ ಚುಕ್ಕೆಗಳೇ ಸೋತವರ ಚರಿತ್ರೆಗೂ ಆಧಾರವಾದುವು.

ಇಂತಹ ಲಕ್ಷ್ಯವಿಲ್ಲದಲ್ಲಿ ಏನಾಗುವುದೆಂಬುದಕ್ಕೆ ತಂಜಾವೂರು ನಿದರ್ಶನ. ಅಲ್ಲಿಯ ಮರಾಠ ದೊರೆ ಶಿವಾಜಿಯು ಕ್ರಿ. ಶ. 1855ರಲ್ಲಿ ಪುತ್ರಸಂತಾನವಿಲ್ಲದೆ ಮೃತನಾಗಲು, ರಾಜ್ಯವು ಕಂಪನಿಯ ವಶವಾಯಿತು. ಶತಮಾನಗಳ ಆಯುಧಗಳು ತುಂಬಿದ್ದ ಆಯುಧಶಾಲೆಯನ್ನು 1863ರಲ್ಲಿ ಮದರಾಸು ಸರಕಾರವು ವಿಸರ್ಜಿಸಿತು. ಆರಿಸಿದ ಕೆಲವು ಮಾತ್ರ ಮದರಾಸಿನ ವಸ್ತುಸಂಗ್ರಹಾಲಯವನ್ನು ಸೇರಿದುವು. ಮಿಕ್ಕ ರಾಶಿಯು ಮುರಿಯಲ್ಪಟ್ಟು ಹಳೆಯ ಕಬ್ಬಿಣದ ಬೆಲೆಗೆ ಹೋಯಿತು. ಅದನ್ನು ಕಣ್ಣಾರೆ ಬಲ್ಲ ವಾಲ್‌ಹೌಸ್ ಎಂಬ ಅಧಿಕಾರಿಯು 1878ರಲ್ಲಿ ಬರೆದಿರಿಸಿದ ಲೇಖನವು ಇಲ್ಲದಿದ್ದಲ್ಲಿ, ಹೋದದ್ದು ಎಷ್ಟೆಂಬ ಅರಿವೂ ನಮಗೆ ಉಳಿಯುತ್ತಿರಲಿಲ್ಲ.

ಇನ್ನು ಧನದ ಮಾತು. ಕ್ರಿ. ಶ. 1799ನೆಯ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದು ಟೀಪೂ ಸುಲ್ತಾನನು ಮಡಿದ ಮೇಲೆ, ಅವನ ಶಯನಗೃಹದ ಖಡ್ಗವು ಜನರಲ್ ಬೇರ್ಡನಿಗೆ ಕಾಣಿಕೆಯಾಗಿ ಸಂದಿತು. 2023ನೆಯ ಮೇ 23ರಂದು ಲಂಡನ್ನಿನ ಹರಾಜಿನಲ್ಲಿ ಅದು ಸುಮಾರು 1 ಕೋಟಿ 40 ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. ಅಷ್ಟು ಬೆಲೆಯು ಕೇವಲ ಲೋಹಕ್ಕೆ ಸಂದುದಲ್ಲ. ಅದು ಯಾರದು, ಯಾವಾಗ ಯಾರ ಕೈಸೇರಿತು ಎಂಬ ಪರಂಪರೆಗೂ ಸಂದುದು. ಆದರೆ ನೋಡಬಯಸುವ ಬಡವನಿಗೆ ಅದರಿಂದ ಏನು ಪ್ರಯೋಜನ? ಹೈದರಾಬಾದಿನ ಮೂರನೆಯ ಸಾಲಾರಜಂಗನು ಕೂಡಿಸಿದ ವಸ್ತುಗಳು, 1949ರಲ್ಲಿ ಅವನು ತೀರಿಕೊಂಡ ತರುವಾಯ, 1951ರಲ್ಲಿ ವಸ್ತುಸಂಗ್ರಹಾಲಯವಾಗಿ ಸರ್ವರ ದರ್ಶನಕ್ಕೆ ತೆರೆದುವು. ಕೂಡಿಟ್ಟದ್ದು ಕಾಣುವಂತಾದಾಗಲೇ ಸಂಗ್ರಹವು ದಾಸೋಹವಾಗುತ್ತದೆ. ಮುಚ್ಚಿಟ್ಟದ್ದು ಬರಿಯ ಸಂಚಯ. ನೂರು ವರ್ಷಗಳಿಗೆ ಕಡಮೆಯಿಲ್ಲದ ಇಂತಹ ಪ್ರಾಚೀನ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸಕೂಡದೆಂದು 1972ರ ಶಾಸನವು ವಿಧಿಸಿರುವುದೂ ಸಾಧುವೇ ಆಗಿದೆ.

ಹೀಗಿರಲು, ಮನೆಯಲ್ಲಿ ಕತ್ತಿಯುಳ್ಳವರ ಕರ್ತವ್ಯವೇನು? ಥಳಥಳಿಸಲೆಂದು ಅದನ್ನು ಸಾಣೆಗೆ ಕೊಡಬಾರದು. ಸಾಣೆಯು ತುಕ್ಕಿನೊಡನೆ ಅಲಗಿನ ರೇಖೆಯನ್ನೂ ಅಕ್ಷರವನ್ನೂ ಅಳಿಸಿಬಿಡುವುದು. ಒಮ್ಮೆ ಅಳಿದ ಅಕ್ಷರವು ಮರಳಿ ಬಾರದು. ತೆಳ್ಳಗೆ ಎಣ್ಣೆ ಸವರಿ, ಒಣಗಿದ ಸ್ಥಳದಲ್ಲಿರಿಸಬೇಕು. ತೊಗಲಿನ ಒರೆಯು ತೇವವನ್ನು ಹೀರಿ ಉಕ್ಕನ್ನು ತಿನ್ನುವುದರಿಂದ, ಒರೆಯನ್ನೂ ಅಲಗನ್ನೂ ಜೊತೆಯಲ್ಲಿ, ಆದರೆ ಬೇರೆಬೇರೆಯಾಗಿ ಇರಿಸಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಅದು ಯಾರ ಕೈಯದು, ಎಲ್ಲಿಂದ ಬಂದಿತು, ಅದರಿಂದ ಯಾರು ನೊಂದರು ಎಂಬಿವುಗಳಲ್ಲಿ ಮನೆಯ ಹಿರಿಯರಿಗೆ ತಿಳಿದಷ್ಟನ್ನು ಕಾಗದದಲ್ಲಿ ಬರೆದು ಅದರೊಡನೆ ಇಡತಕ್ಕದ್ದು. ಗೆಲವನ್ನು ಮಾತ್ರ ಬರೆದು ನೋವನ್ನು ಬಿಟ್ಟರೆ ಅದು ಅರ್ಧಸತ್ಯವಾದೀತು.

ಕತ್ತಿಗೆ ಬಾಯಿಯಿಲ್ಲ. ಬಲ್ಲ ಮುದುಕರು ತೀರಿಕೊಂಡರೆ ಅದು ಮೂಕವಾಗುತ್ತದೆ. ಮೂಕವಾದ ಕತ್ತಿಯು ಗುಜರಿಯ ತಕ್ಕಡಿಗೆ ಹೋಗಲು ತಡವಾಗದು. ಅವರು ಬದುಕಿರುವಾಗಲೇ ಕೇಳಿ ಬರೆದಿಡುವ ಕಾಯಕವನ್ನು ಭಕ್ತಮಹಾಶಯರು ತಮ್ಮ ತಮ್ಮ ಮನೆಗಳಲ್ಲಿ ಬರುವ ಮಹಾನವಮಿಯಿಂದಲೇ ಆರಂಭಿಸಲಿ.